ನವಣೆ ದಿಂಬು

ಅಫಜಲಪುರದ ನಮ್ಮ ಓಣಿಗೆ ಕಸದ ಗಾಡಿ ಬೆಳಿಗ್ಗೆ ಏಳಕ್ಕೆ ಹಾಡು ಹಚ್ಚಿಕೊಂಡು ಬರುತ್ತದೆ. ಎಲ್ಲರ ಮನೆಯಿಂದಲೂ ತುಂಬಿದ ಬಕೆಟ್ಟುಗಳು ಹೊರಬೀಳುತ್ತವೆ. ನನ್ನ ಮನೆಯಿಂದ ವಾರಕ್ಕೊಮ್ಮೆ ಒಂದು ಹಿಡಿ ಕಸ ಹೋದರೆ ದೊಡ್ಡದು. ಗಾಡಿ ನಡೆಸುವ ಜಗದೇವ ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟ.

"ಏನ್ರಿ ಗುರಮ್ಮಾಯಿ, ನಿಮ್ಮನ್ಯಾಗ ಒಲಿ ಹಚ್ತಾರೋ ಇಲ್ಲೋ?"

"ಹಚ್ತೀವಪಾ, ದಿನಾ ಎರಡ ಹೊತ್ತು. ನಿನ್ನ ಗಾಡಿ ತುಂಬ್ಸೂ ಗುತ್ತಿಗಿ ಮಾತ್ರ ನಾ ಹಿಡದಿಲ್ಲ," ಅಂದೆ.

ನಾನು ಹಾಗೆಯೇ. ಹೀರೇಕಾಯಿ ಸಿಪ್ಪೆ ನನ್ನ ಮನೆಯಲ್ಲಿ ಚಟ್ನಿಯಾಗುತ್ತದೆ, ಚಹಾದ ಪುಡಿ ಸೋಸಿದ ಮೇಲೆ ಗುಲಾಬಿ ಗಿಡದ ಬುಡಕ್ಕೆ ಹೋಗುತ್ತದೆ, ಅಕ್ಕಿ ತೊಳೆದ ನೀರು ಪಕ್ಕದ ಮನೆಯ ಎಮ್ಮೆಗೆ. ಹಳೆಯ ಸೀರೆ ಮೊದಲು ಸಂತೆಯ ಚೀಲ, ಆಮೇಲೆ ಕೌದಿ, ಕೌದಿಯೂ ಹರಿದರೆ ಕಾಲೊರಸುವ ಅರಿವೆ. ನನ್ನ ಕೈಗೆ ಸಿಕ್ಕ ಸೀರೆಗೆ ಸಾಯಲು ಇಪ್ಪತ್ತು ವರ್ಷ ಬೇಕು. ಇದಕ್ಕೆ ಯಾವುದಕ್ಕೂ ಬಿಡಿಗಾಸಿನ ಖರ್ಚಿಲ್ಲ, ಮೈ ಬಗ್ಗಬೇಕು ಅಷ್ಟೇ. ನನ್ನ ಬಾಯಿಗೆ ಹೆದರಿ ಓಣಿಯ ಹುಡುಗಿಯರು ಕ್ಯಾರಿಬ್ಯಾಗನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಬಾಗಿಲು ದಾಟುತ್ತಾರೆ.

ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮೊನ್ನೆ ಮೊನ್ನೆಯವರೆಗೆ ಜಂಬಕ್ಕೇ ಹೇಳುತ್ತಿದ್ದೆ, ಈಗ ಅದು ಉಳಿದಿಲ್ಲ. ಎದುರು ಮನೆಯ ಭಾಗ್ಯಜ್ಯೋತಿಗೆ ನನ್ನಿಂದ ಒಂದು ಅನ್ಯಾಯವಾಯಿತು. ಅದು ಕೇಡು ಬಗೆದು ಮಾಡಿದ್ದಲ್ಲ, ನನ್ನ ಈ ಚಟದಿಂದ ಆದದ್ದು.

ನಮ್ಮ ಓಣಿಯಲ್ಲಿ ಒಂದು ಗಂಟು ಇದೆ. ಕೂಸಿನ ಗಂಟು ಅನ್ನುತ್ತೇವೆ. ತಲೆಗೆ ಕಟ್ಟುವ ಮೂರು ಕುಂಚಿಗೆ, ಏಳೆಂಟು ಝಬಲಾ ಅಂಗಿ, ಎರಡು ಸಣ್ಣ ಕೌದಿ, ಒಂದು ದಿಂಬು. ಯಾರ ಮನೆಯಲ್ಲಿ ಕೂಸು ಹುಟ್ಟುತ್ತದೋ ಆ ಮನೆಗೆ ಹೋಗುತ್ತದೆ. ಆ ಕೂಸು ಬೆಳೆದ ಮೇಲೆ ಒಗೆದು, ಮೂರು ಬಿಸಿಲು ಕಾಣಿಸಿ, ಮುಂದಿನ ಮನೆಗೆ. ಕೂಸಿನ ಬಟ್ಟೆ ಎರಡು ತಿಂಗಳಿಗೆ ಬಿಗಿಯಾಗುತ್ತದೆ, ಅದಕ್ಕೆ ಪ್ರತಿ ಮನೆಯವರೂ ಹೊಸದು ತಂದು ಯಾಕೆ ಒಟ್ಟಬೇಕು? ನನ್ನ ಇಬ್ಬರು ಮಕ್ಕಳಿಂದ ಶುರುವಾದ ಗಂಟು ಇದು. ಕೊನೆಯ ಮನೆಯ ಕರೀಮುನ್ನಿಸಾಳ ಅವಳಿಗಳನ್ನೂ ಸೇರಿಸಿ ಹದಿನಾಲ್ಕು ಮಕ್ಕಳು ಅದರಲ್ಲಿ ಬೆಳೆದಿವೆ. ಗಂಟಿನ ಯಜಮಾನಿಕೆ ಇಷ್ಟು ವರ್ಷವೂ ನನ್ನದೇ.

ದಿಂಬಿನ ಮಾತು ಸ್ವಲ್ಪ ಬೇರೆ. ಎಳೆಗೂಸಿನ ತಲೆ ದುಂಡಗಾಗಲಿ ಎಂದು ಕೆಲವರು ಸಾಸಿವೆ ತುಂಬುತ್ತಾರೆ. ನಾವು ನವಣೆ ತುಂಬುತ್ತೇವೆ, ಯಾಕೆಂದರೆ ನವಣೆಯನ್ನು ಆಮೇಲೆ ಅಟ್ಟು ಉಣ್ಣಬಹುದು. ಕೂಸಿಗೆ ಕುತ್ತಿಗೆ ನಿಂತು ದಿಂಬು ಬೇಡವಾದ ದಿನ ಅದರ ಹೊಲಿಗೆ ಬಿಚ್ಚಿ, ಕಾಳು ಕೇರಿ ತೊಳೆದು, ಬೆಲ್ಲ ಹಾಕಿ ಹುಗ್ಗಿ ಮಾಡಿ ಐದು ಜನ ಮುತ್ತೈದೆಯರಿಗೆ ಬಡಿಸುತ್ತೇವೆ. ಮುಂದಿನ ಕೂಸಿಗೆ ಹೊಸ ನವಣೆ. ಈ ಪದ್ಧತಿ ನನ್ನ ಅತ್ತೆಯದು. ಹದಿನಾಲ್ಕು ಮಕ್ಕಳಿಗೂ ನಾನೇ ಆ ಹೊಲಿಗೆ ಬಿಚ್ಚಿದ್ದೇನೆ.

ಭಾಗ್ಯಜ್ಯೋತಿಗೆ ಮದುವೆಯಾಗಿ ಏಳು ವರ್ಷ ಮಕ್ಕಳಿರಲಿಲ್ಲ. ಗಂಡ ಸಂಜುಕುಮಾರ ಬೇಳೆ ಮಿಲ್ಲಿನಲ್ಲಿ ಕೆಲಸಕ್ಕಿದ್ದಾನೆ, ಒಳ್ಳೆಯ ಹುಡುಗ. ಘತ್ತರಗಿ ಭಾಗ್ಯವಂತಿ ದೇವಿಯ ಗುಡಿಗೆ ಅವಳು ಅಮಾವಾಸ್ಯೆ ತಪ್ಪಿಸಿದವಳಲ್ಲ. ಎಂಟನೆಯ ವರ್ಷ ಹೆಣ್ಣು ಕೂಸು ಹುಟ್ಟಿತು. ಅವಳಿಗೆ ತಾಯಿ ಇಲ್ಲ. ಮಾದನಹಿಪ್ಪರಗಾದ ತವರಿನಲ್ಲಿ ತಂದೆ ಒಬ್ಬನೇ. ಹಾಗಾಗಿ ಬಾಣಂತನ ನಾನು ಮಾಡಿದೆ. ದಿನಾ ಕೂಸಿಗೆ ಎರೆಯುವವಳು ನಾನು, ಧೂಪ ಹಾಕುವವಳು ನಾನು, ದಿಂಬಿನ ನಡುವೆ ಬೆರಳಿನಿಂದ ತೆಗ್ಗು ಮಾಡಿ ತಲೆ ಇಡುವವಳು ನಾನು. ಹೆಸರು ಇನ್ನೂ ಇಟ್ಟಿರಲಿಲ್ಲ. ತೊಟ್ಟಿಲು ಕಾರ್ಯ ಘತ್ತರಗಿಗೆ ಹೋಗಿ ಬಂದ ಮೇಲೆ ಎಂದು ಭಾಗ್ಯಜ್ಯೋತಿ ಹಟ ಹಿಡಿದಿದ್ದಳು.

ಇಪ್ಪತ್ತಮೂರನೆಯ ದಿನ ಕೂಸು ಹಾಲು ಬಿಟ್ಟಿತು. ಮಧ್ಯಾಹ್ನದ ಹೊತ್ತಿಗೆ ಉಸಿರು ಎಳೆಯತೊಡಗಿತು. ಜೀಪು ಮಾಡಿಕೊಂಡು ಕಲಬುರಗಿಗೆ ಹೊರಟರು. ಚೌಡಾಪುರ ದಾಟಿರಲಿಲ್ಲ, ಕೂಸು ದಾಟಿಹೋಯಿತು. ಜೀಪು ಅಲ್ಲಿಂದಲೇ ತಿರುಗಿ ಬಂತು. ಭಾಗ್ಯಜ್ಯೋತಿ ಕೂಸನ್ನು ಎದೆಗೆ ಒತ್ತಿಕೊಂಡೇ ಇಳಿದಳು. ಅಳಲಿಲ್ಲ. ನಾವೆಲ್ಲ ಬಾಯಿ ಬಡಿದುಕೊಂಡೆವು, ಅವಳು ಅಳಲಿಲ್ಲ. ಮಣ್ಣು ಮಾಡಿ ಬಂದ ಮೇಲೂ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಹಾಗೆಯೇ ಮಲಗಿದ್ದಳು.

ಐದನೆಯ ದಿನ ನಾನು ಅವರ ಮನೆಯಲ್ಲಿ ಕಸ ಗುಡಿಸುತ್ತಿದ್ದೆ. ಗೂಟಕ್ಕೆ ನೇತುಬಿದ್ದ ಕುಂಚಿಗೆ, ಹಗ್ಗದ ಮೇಲಿನ ಝಬಲಾ ಕಣ್ಣಿಗೆ ಬಿದ್ದವು. ಇವು ಕಣ್ಣೆದುರು ಇದ್ದರೆ ಈ ಹುಡುಗಿ ಏಳುವುದು ಹೇಗೆ ಅನ್ನಿಸಿತು. ಇನ್ನೊಂದು ಮಾತೂ ಮನಸ್ಸಿನಲ್ಲಿತ್ತು, ಮುಚ್ಚಿಟ್ಟರೆ ನನಗೇ ಪಾಪ. ಮೂರನೆಯ ಮನೆಯ ಶಿವಕಾಂತಾಳಿಗೆ ಎಂಟು ತಿಂಗಳು ತುಂಬಿತ್ತು. ಗಂಟು ಅವಳಿಗೆ ಬೇಕಾಗಿತ್ತು. ಸತ್ತ ಕೂಸಿನ ಬಟ್ಟೆ ಹೊಳೆಗೆ ಬಿಡಬೇಕು ಎಂದು ಒಂದಿಬ್ಬರು ಪಿಸುಗುಟ್ಟಿದ್ದರು. "ಹದಿನಾಲ್ಕ ಮಕ್ಕಳು ಬದಕ್ಯಾವ ಇದ್ರಾಗ, ಅದನ್ಯಾಕ ಲೆಕ್ಕಾ ಹಿಡ್ಯಂಗಿಲ್ಲ ನೀವು?" ಎಂದು ಅವರ ಬಾಯಿ ಮುಚ್ಚಿಸಿದ್ದೆ. ಒಂದೊಂದಾಗಿ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡೆ. ದಿಂಬು ಕಾಣಲಿಲ್ಲ. ಹುಡುಕಿದರೆ ಗೋಡೆಯ ಮಾಡದ ಮೇಲೆ ಒಂದು ಬುಟ್ಟಿಯಲ್ಲಿತ್ತು, ಮೇಲೊಂದು ಅರಿವೆ ಮುಚ್ಚಿತ್ತು. ಯಾರೋ ಗಡಿಬಿಡಿಯಲ್ಲಿ ಎತ್ತಿ ಇಟ್ಟಿದ್ದಾರೆ ಅಂದುಕೊಂಡೆ. ಅದನ್ನೂ ತೆಗೆದುಕೊಂಡೆ. ಭಾಗ್ಯಜ್ಯೋತಿ ಗೋಡೆ ನೋಡುತ್ತಲೇ ಇದ್ದಳು, ತಿರುಗಲಿಲ್ಲ. ನಾನು ಕೇಳಲೂ ಇಲ್ಲ.

ಮನೆಗೆ ಬಂದು ಎಲ್ಲವನ್ನೂ ಕುದಿಯುವ ನೀರಿಗೆ ಹಾಕಿದೆ. ದಿಂಬಿನ ಹೊಲಿಗೆ ಬಿಚ್ಚಿದೆ, ಕಾಳನ್ನು ಮೊರಕ್ಕೆ ಸುರಿದು ಕೇರಿದೆ, ತೊಳೆದು ಒಣಗಿಸಿದೆ. ಹುಗ್ಗಿ ಮಾಡುವ ಮಾತೇ ಇರಲಿಲ್ಲ, ಅಷ್ಟು ಬುದ್ಧಿ ಇತ್ತು. ಡಬ್ಬಿಯಲ್ಲಿದ್ದ ನಮ್ಮ ಮನೆಯ ನವಣೆಯ ಮೇಲೆ ಸುರಿದು ಮುಚ್ಚಳ ಹಾಕಿದೆ. ಕೈಗೆ ರೂಢಿ ಇತ್ತು, ಕೈ ಮಾಡಿತು. ಹಿಂದಿನ ಕೂಸುಗಳಿಗೆ ಏನು ಮಾಡುತ್ತಿದ್ದೆನೋ ಈ ಕೂಸಿಗೂ ಅದನ್ನೇ ಮಾಡಿದೆ.

ಏಳನೆಯ ದಿನದವರೆಗೂ ಭಾಗ್ಯಜ್ಯೋತಿಯ ಬಾಯಿಗೆ ಚಹಾ ಬಿಟ್ಟು ಏನೂ ಹೋಗಿರಲಿಲ್ಲ. ಜೋಳದ ರೊಟ್ಟಿ ಮುರಿದು ಕೊಟ್ಟರೆ ಕೈಯಲ್ಲಿ ಹಿಡಿದು ಕೂರುತ್ತಿದ್ದಳು. ಹಸಿದ ಕರುಳಿಗೆ ಮೆತ್ತಗಿರಲಿ ಎಂದು ನಾನು ಡಬ್ಬಿ ತೆಗೆದು, ಎರಡು ಬೊಗಸೆ ನವಣೆ ಅನ್ನ ಮಾಡಿ, ಮಜ್ಜಿಗೆ ಕಲಸಿ ಒಯ್ದೆ. ಮಡಿಲಲ್ಲಿ ಕೂರಿಸಿಕೊಂಡಂತೆ ಕೂರಿಸಿ ತುತ್ತು ಮಾಡಿ ಕೊಟ್ಟೆ. ಅವಳು ಉಂಡಳು. ತಾಟಿನ ಅರ್ಧ ಉಂಡು ಸಾಕೆಂದಳು. ಸಂಜುಕುಮಾರ ಬಾಗಿಲಲ್ಲಿ ನಿಂತು ನನಗೆ ಕೈ ಮುಗಿದ. ಅಂದು ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ, ಹುಡುಗಿ ನನ್ನ ಕೈಯ ಅನ್ನ ಉಂಡಳು ಎಂದು. ಮರುದಿನ ಅವಳ ತಂದೆ ಬಂದು ಮಾದನಹಿಪ್ಪರಗಾಕ್ಕೆ ಕರೆದುಕೊಂಡು ಹೋದ.

ಹದಿನೈದು ದಿನ ಕಳೆದ ಮೇಲೆ, ಒಂದು ಮಧ್ಯಾಹ್ನ, ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಭಾಗ್ಯಜ್ಯೋತಿ ಒಳಗೆ ಬಂದಳು. ಬಸ್ಸಿನಿಂದ ಇಳಿದು ತನ್ನ ಮನೆ ಹೊಕ್ಕು ನೇರ ಇಲ್ಲಿಗೆ ಬಂದಿದ್ದಳು, ಊರಿನಿಂದ ತಂದ ಚೀಲ ಇನ್ನೂ ಕೈಯಲ್ಲೇ ಇತ್ತು.

"ದೊಡ್ಡವ್ವಾ, ಮಾಡದ ಮ್ಯಾಲಿನ ಬುಟ್ಟಿ ಖಾಲಿ ಅದ. ಗಂಟು ನೀವು ಒಯ್ದೀರೇನ್ರಿ?"

"ಹೌದ ಯವ್ವಾ. ನಿನ್ನ ಕಣ್ಣಿಗಿ ಬೀಳೂದು ಬ್ಯಾಡಂತ ತಂದೀನಿ. ಒಗದು ಇಟ್ಟೀನಿ. ಶಿವಕಾಂತಾನ ದಿನಾ ತುಂಬ್ಯಾವಲ್ಲ."

"ಬಟ್ಟಿ ಆಕಿಗೇ ಕೊಡ್ರಿ. ಛಲೋ ಆಗಲಿ ಆಕಿಗಿ. ನಂಗ ದಿಂಬು ಒಂದ ಕೊಡ್ರಿ ಸಾಕು."

"ದಿಂಬ್ಯಾಕವ್ವಾ ಈಗ?"

ಅವಳು ಚೀಲವನ್ನು ಕೆಳಗಿಟ್ಟಳು. "ಅವತ್ತ ಜೀಪಿಗಿ ಓಡಿ ಹೋಗಬೇಕಾದ್ರ ಕೂಸಿನ್ನ ದಿಂಬಿನ ಮ್ಯಾಲಿಂದ ಎತ್ತಿಕೊಂಡ ಹ್ವಾದೆ. ಬಂದು ನೋಡಿದ್ರ ಅದ್ರಾಗ ತಲಿ ಇಟ್ಟ ತೆಗ್ಗು ಹಂಗೇ ಇತ್ತು. ಅಲ್ಲಾಡಿದ್ರ ಹೋಗ್ತದಂತ ಎರಡೂ ಕೈಲೆ ಎತ್ತಿ ಬುಟ್ಟ್ಯಾಗ ಇಟ್ಟು, ಅರಿವಿ ಮುಚ್ಚಿದ್ದೆ. ಯಾರಿಗೂ ಹೇಳಿರಲಿಲ್ಲ. ಫೋಟೋ ಸೈತ ತೆಗದಿಲ್ಲ ದೊಡ್ಡವ್ವಾ ನಾವು. ಹೆಸರ ಇಟ್ಟ ಮ್ಯಾಲ ತೆಗ್ಯೂಣ ಅಂದಿದ್ದೆವು. ಆಕಿದು ಅಂತ ಅದೊಂದೇ ಅದ."

ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನಾನು ಎಷ್ಟು ಜನರಿಗೆ ಆಡಿದ್ದೇನೆ! ಎದ್ದು ಕಪಾಟಿನಿಂದ ದಿಂಬಿನ ಚೀಲ ತಂದು ಅವಳ ಕೈಯಲ್ಲಿಟ್ಟೆ. ಮಡಿಚಿದ ಬಿಳಿಯ ಚೀಲ. ಅವಳು ಅದನ್ನು ಬಿಚ್ಚಿ ನೋಡಿದಳು, ಮೂಗಿಗೆ ಹಿಡಿದಳು. ಸಾಬೂನಿನ ವಾಸನೆ ಬಂದಿರಬೇಕು.

"ಒಳಗಿನ ಕಾಳು?"

ಡಬ್ಬಿ ಇಳಿಸಿ ಅವಳ ಮುಂದಿಟ್ಟೆ. ಅವಳು ನೆಲದ ಮೇಲೆ ಕೂತು ಡಬ್ಬಿಯನ್ನು ಮಡಿಲಿಗೆ ತೆಗೆದುಕೊಂಡಳು, ಮುಚ್ಚಳ ತೆಗೆದು ಕೈ ಇಳಿಸಿದಳು. ಒಂದು ಹಿಡಿ ಕಾಳನ್ನು ಮೇಲೆತ್ತಿ ಬೆರಳ ಸಂದಿಯಿಂದ ಬಿಟ್ಟಳು. ನವಣೆಯಲ್ಲಿ ಯಾವ ಕಾಳು ಯಾರದೆಂದು ಯಾರು ಹೇಳಬೇಕು? ಎಲ್ಲ ಒಂದೇ ಬಣ್ಣ.

"ಕಾಳು ಅದಾವ್ರಿ," ಅಂದಳು. "ತೆಗ್ಗು ಇಲ್ಲ."

ಬೈಯಲಿ, ಡಬ್ಬಿ ಎತ್ತಿ ನನ್ನ ತಲೆಗೆ ಹೊಡೆಯಲಿ ಎಂದು ಕಾದೆ. ಅವಳು ಬೈಯಲಿಲ್ಲ. ಕೈ ಡಬ್ಬಿಯೊಳಗೇ ಇತ್ತು. ಅದು ಅರೆಗಳಿಗೆ ನಿಂತಿತು.

"ದೊಡ್ಡವ್ವಾ, ನಾ ಊರಿಗಿ ಹೋಗೂ ಮೊದಲಿನ ದಿನಾ ನೀವು ತಂದದ್ದು ನವಣಿ ಅನ್ನ ಅಲ್ಲೇನ್ರಿ?"

ಸುಳ್ಳು ಹೇಳಬಹುದಿತ್ತು. ನೂರು ಸುಳ್ಳು ಹೇಳಿ ಮದುವೆ ಕೂಡಿಸಿದವಳು ನಾನು, ಅಂಗಡಿಯ ನವಣೆ ಅಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಅವಳು ನನ್ನ ಕಣ್ಣಲ್ಲೇ ಕಣ್ಣಿಟ್ಟಿದ್ದಳು. ಆ ಕಣ್ಣಿಗೆ ನನ್ನ ಬಾಯಿ ಸೋತಿತು.

"ಹೌದವ್ವಾ. ಈ ಡಬ್ಬ್ಯಾಂದೇ. ಮ್ಯಾಲ ಇದ್ದದ್ದೆಲ್ಲಾ ದಿಂಬಿಂದೇ. ನಂಗ ತಿಳೀಲಿಲ್ಲ ನನ್ನವ್ವಾ, ತಿಳೀಲಿಲ್ಲ."

ಭಾಗ್ಯಜ್ಯೋತಿ ಕೈಯನ್ನು ಡಬ್ಬಿಯಿಂದ ತೆಗೆದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ನಾಲ್ಕಾರು ನವಣೆ ಕಾಳು ಅಂಗೈಗೆ ಅಂಟಿದ್ದವು, ಸೀರೆಗೆ ಹತ್ತಿದವು. ನಾನೂ ಅವಳ ಎದುರು ಕೂತೆ.

"ನಾ ಅರ್ಧಾ ತಾಟು ಬಿಟ್ಟಿದ್ದೆ," ಅಂದಳು. "ಉಳದದ್ದು ಏನ ಮಾಡಿದ್ರಿ? ಕಸದ ಗಾಡಿಗಿ ಹಾಕಿದ್ರೇನು?"

"ಇಲ್ಲವ್ವಾ. ಗಾಡಿಗಿ ನಾ ಹ್ಯಾಂಗ ಹಾಕಲಿ. ಆ ತಾಟು ಮನಿಗಿ ತಂದು, ಇಲ್ಲೇ ಕೂತು, ನಾನೇ ಉಂಡೆ."

"ಎಲ್ಲಾ?"

"ಎಲ್ಲಾ. ತಾಟು ತೊಳದ ನೀರೂ ಕುಡದೆ."

ಅವಳು ತಲೆಯಾಡಿಸಿದಳು. "ಹಂಗಾದ್ರ ಆಕಿ ನನ್ನ ಹೊಟ್ಟ್ಯಾಗ ಅರ್ಧಾ, ನಿಮ್ಮ ಹೊಟ್ಟ್ಯಾಗ ಅರ್ಧಾ," ಅಂದಳು.

ಆಮೇಲೆ ಅತ್ತಳು. ಕೂಸು ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು, ನನ್ನ ಅಡುಗೆಮನೆಯ ನೆಲದ ಮೇಲೆ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು. ಸಮಾಧಾನ ಮಾಡಬೇಕಾದವಳು ನಾನು, ಆದರೆ ಅವಳಿಗಿಂತ ಜೋರಾಗಿ ಅತ್ತವಳೂ ನಾನೇ. ಸಂಜುಕುಮಾರ ಮಿಲ್ಲಿನಿಂದ ಬಂದು ಕರೆಯುವವರೆಗೂ ಇಬ್ಬರೂ ಅಲ್ಲಿಂದ ಏಳಲಿಲ್ಲ.