ವೆಂಡೆಲ್ ಇಟ್ಟ ಹೆಸರು

ವೆಂಡೆಲ್ ತೀರಿಕೊಂಡು ವರ್ಷಗಳೇ ಕಳೆದಿದ್ದರೂ ಅವನ ಹೆಂಡತಿ ಆರ್ಡಿಸ್‌ಳನ್ನು ಕಂಪ್ಯೂಟರುಗಳು ಕರೆಯುವುದನ್ನು ಬಿಟ್ಟಿರಲಿಲ್ಲ. ಒಂದು ಪ್ರೋಗ್ರಾಮು ಇನ್ನೊಂದನ್ನು ಯಾವ ಹೆಸರಿನಿಂದ ಕೂಗಿ ಕೆಲಸ ಹೇಳಬೇಕೋ ಆ ಹೆಸರುಗಳನ್ನೆಲ್ಲ ಸ್ಯಾನ್ ಹೋಸೆಯ ಕಂಪನಿಯೊಂದಕ್ಕೆ ಹೆಣೆದುಕೊಟ್ಟವನು ಅವನು. 'ಸ್ವಲ್ಪ ತಾಳು' ಎನ್ನುವ ಕರೆಗೆ 'ವೇಟ್‌ಆರ್ಡಿಸ್' ಎಂದು ಹೆಸರಿಟ್ಟಿದ್ದ.

"ಎಲ್ಲಿಗೆ ಹೊರಟ್ರೂ ನಿಂಗೋಸ್ಕರ ಕಾಯೋದೇ ಆಯ್ತು ಮಾರಾಯ್ತಿ. ಲೋಕಾನೂ ಒಂಚೂರು ಕಾಯ್ಲಿ" ಎಂದು ನಕ್ಕಿದ್ದ.

ಆ ಹೆಸರುಗಳು ಬ್ಯಾಂಕಿನ ಯಂತ್ರಗಳೊಳಗೂ ಸೇರಿದ್ದವು. ಈಗ ಎಟಿಎಂ ಒಂದು ಕ್ಷಣ ತಡೆದು ನಿಂತರೂ ಅವಳು ಕಿವಿಗೊಡುತ್ತಿದ್ದಳು. ಒಳಗೆ ಯಾರೋ ಅವಳ ಹೆಸರು ಹಿಡಿದು ಕೂಗಿದಂತೆ.

ಕಂಪನಿ ಕೈ ಬದಲಾಯಿತು. ಹೊಸ ಮಾಲೀಕರು ಎದುರಾಳಿ ಕಂಪನಿಯ ಮೇಲೆ ಕಾಪಿರೈಟ್ ದಾವೆ ಹೂಡಿದರು. ಎದುರಾಳಿಗಳು ಒಳಗಿನ ಕೋಡನ್ನೆಲ್ಲ ಹೊಸದಾಗಿ ಬರೆದಿದ್ದರು, ಆದರೆ ವೆಂಡೆಲ್‌ನ ಹೆಸರುಗಳನ್ನು ಹಾಗೇ ಉಳಿಸಿಕೊಂಡಿದ್ದರು. ಸತ್ತ ಗಂಡನ ಅಂಗಿ ತೊಟ್ಟು ಯಾರೋ ಅಪರಿಚಿತ ಅಂಗಳದಲ್ಲಿ ಓಡಾಡಿದಂತೆ ಆರ್ಡಿಸ್‌ಗೆ ದಿಗಿಲಾಯಿತು. ಮಾಲೀಕರ ಪರ ಸಾಕ್ಷಿ ಹೇಳಲು ಒಪ್ಪಿದಳು.

ಕೋರ್ಟಿನ ಹಜಾರದಲ್ಲಿ ಎದುರಾಳಿ ಕಂಪನಿಯ ಇಂಜಿನಿಯರ್ ಟ್ರಿನ್ ಎಂಬಾಕೆ ಕಾಫಿ ಹಿಡಿದು ಪಕ್ಕದಲ್ಲೇ ಕುಳಿತಳು.

"ನಮ್ ಮೇಲೆ ಸಿಟ್ಟಿರ್ಬೇಕು ನಿಮ್ಗೆ, ಮೇಡಂ."

"ಬೇರೆ ಹೆಸ್ರು ಇಟ್ಕೊಳ್ಳೋಕೇನಾಗಿತ್ತು? ಬರಗಾಲವೇ?"

"ಇಟ್ರೆ ಹಳೇ ಪ್ರೋಗ್ರಾಮ್‌ಗಳೆಲ್ಲ ಕೂಗ್ತಾನೇ ಇರ್ತವೆ, ಮೇಡಂ. 'ಓ' ಅನ್ನೋರೇ ಇರಲ್ಲ."

ಆ ಮಾತು ಆರ್ಡಿಸ್‌ಳ ಎದೆಗೆ ನಾಟಿತು. ವೆಂಡೆಲ್ ಹೋದ ಮೊದಲ ಚಳಿಗಾಲ ಅವಳೂ ಮನೆತುಂಬ ಹಾಗೆಯೇ ಕೂಗಿಕೊಂಡು ತಿರುಗಿದ್ದಳು.

ಆರ್ಡಿಸ್ ಕಟಕಟೆ ಹತ್ತಿದಾಗ ಮಾಲೀಕರ ವಕೀಲ ಮೆತ್ತಗೆ ಕೇಳಿದ: "ಈ ಹೆಸರುಗಳು ನಿಮ್ಮ ಯಜಮಾನ್ರ ಸೃಷ್ಟಿ ತಾನೇ?"

"ಹೌದು. ಒಂದೊಂದಕ್ಕೂ ಊಟ ಬಿಟ್ಟು ಯೋಚ್ನೆ ಮಾಡ್ತಿದ್ದ."

"ಅಂದ್ಮೇಲೆ ನಮ್ಮ ಅಪ್ಪಣೆ ಇಲ್ದೆ ಯಾರೂ ಇವನ್ನ ಬಳಸೋ ಹಾಗಿಲ್ಲ."

"ನನ್ನ ಹೆಸ್ರನ್ನೂನಾ?"

ಆರ್ಡಿಸ್ ಜ್ಯೂರಿಯ ಕಡೆ ತಿರುಗಿದಳು. "ಒಳಗಿನ ಕೋಡು ಅವ್ನ ಬೆವರು. ಅದನ್ನ ಕದ್ರೆ ಕಳ್ಳತನಾನೇ. ಹೆಸ್ರು ಇಟ್ಟಿದ್ದು ಮಾತ್ರ ಯಾರ್ ಬೇಕಾದ್ರೂ ಕರೀಲಿ ಅಂತ. ಬೀಗ ಹಾಕಿಡೋಕೆ ಅದೇನು ಒಡವೇನಾ?"

ಮಾಲೀಕರ ಕಡೆಯವರು ಆಮೇಲೆ ಅವಳ ಮುಖವನ್ನೂ ನೋಡಲಿಲ್ಲ. ಹೆಸರುಗಳು ಮಾಲೀಕರವೇ ಆದರೂ ಎದುರಾಳಿಗಳ ಬಳಕೆ ನ್ಯಾಯವಾದದ್ದೆಂದು ಜ್ಯೂರಿ ಹೇಳಿತು.

ಮರುವಾರ ಟ್ರಿನ್ ಫೋನು ಮಾಡಿದಳು. "ಮೇಡಂ, ನಿಮ್ಗೆ ನೋವಾಗೋದಾದ್ರೆ ಅದೊಂದು ಹೆಸ್ರನ್ನ ತೆಗೆಸಿಬಿಡ್ಲಾ? ಹೇಗೋ ಸುಧಾರಿಸ್ತೀವಿ."

"ಬೇಡ. ಕೂಗೋವಷ್ಟು ದಿನ ಕೂಗ್ಲಿ ಬಿಡು" ಎಂದಳು ಆರ್ಡಿಸ್.

ಫೋನಿಟ್ಟ ಮೇಲೂ, ಆ ಮಾತನ್ನು ತಾನು ಹೇಳಿದ್ದು ಟ್ರಿನ್‌ಗೋ ವೆಂಡೆಲ್‌ಗೋ ಎಂದು ಅವಳಿಗೆ ತಿಳಿಯಲಿಲ್ಲ.