ಸೊರಾಚಿ ಹಡಗಿನಲ್ಲಿ ಮಡಿದವರು

ನಲವತ್ತೊಂದನೆಯ ಪುಟಕ್ಕೆ ಅಚ್ಚುಮೊಳೆ ಜೋಡಿಸುತ್ತಿದ್ದ ಕಿಯೊಳ ಕೈ ನಿಂತಿತು. ಮಡಿದವರ ಪಟ್ಟಿ ಮುಗಿದೇ ಹೋಗಿತ್ತು. ಒಂಬತ್ತು ಹೆಸರು, ಒಂಬತ್ತೂ ನೌಕಾಪಡೆಯವರದು. ಅವಳ ಗಂಡ ಐಸಾಕುವಿನ ಹೆಸರು ಅದರಲ್ಲಿರಲಿಲ್ಲ.

ಕುರೆ ಬಂದರಿನ ಒಗುರಾ ಮುದ್ರಣಾಲಯಕ್ಕೆ ಈ ಕೆಲಸ ಬಂದು ತಿಂಗಳಾಗಿತ್ತು. ಯುದ್ಧಕಾಲದ ದುರಸ್ತಿ ಹಡಗು ಸೊರಾಚಿಯ ಚರಿತ್ರೆ. ಯುದ್ಧ ಮುಗಿದು ಹನ್ನೆರಡು ವರ್ಷವಾದ ಮೇಲೆ ಅದರ ಅಧಿಕಾರಿಗಳು ಸೇರಿ ಬರೆಸಿದ್ದು. ಮೂತಿ ಹಾರಿಹೋದ ಯುದ್ಧನೌಕೆಗೆ ಹನ್ನೊಂದು ದಿನದಲ್ಲಿ ಹೊಸ ಮೂತಿ ಕೂಡಿಸಿದ್ದು, ನೀರಿನಡಿ ಬೆಸುಗೆ ಹಾಕಿದ್ದು, ಎಲ್ಲವನ್ನೂ ಕಿಯೊ ತಾನೇ ಮೊಳೆಯಲ್ಲಿ ಜೋಡಿಸಿದ್ದಳು. ಪುಟಪುಟಕ್ಕೂ ಗಂಡನ ಕೈ ಕಂಡಂತಾಗಿ ಊಟ ಸೇರುತ್ತಿರಲಿಲ್ಲ. ಐಸಾಕು ಹಡಗುಕಟ್ಟೆಯಿಂದ ಹೋದ ಬೆಸುಗೆಗಾರ. ಸಮವಸ್ತ್ರವಿಲ್ಲ, ಬಂದೂಕಿಲ್ಲ. ದಕ್ಷಿಣದ ದ್ವೀಪವೊಂದರ ಬಳಿ ಸೊರಾಚಿಗೆ ಬಾಂಬು ಬಿದ್ದ ದಿನ ಅವನೂ ಜೊತೆಯವರೂ ಹಡಗಿನ ತಳದ ಕಾರ್ಖಾನೆಯಲ್ಲಿದ್ದರು.

ಮಧ್ಯಾಹ್ನ ಕರಡಚ್ಚು ತಿದ್ದಲು ಹಡಗಿನ ಹಿಂದಿನ ಅಧಿಕಾರಿ ಹತಾನಾಕಾ ಬಂದ.

"ಸಾಹೇಬ್ರೆ, ಕೆಲಸಗಾರರ ಹೆಸರು ಬಿಟ್ಟೋಗಿದೆ," ಎಂದಳು ಕಿಯೊ.

"ಬಿಟ್ಟೋಗಿಲ್ಲಮ್ಮ. ಅವ್ರು ಪಡೆಯೋರಲ್ಲ, ಕೂಲಿಗೆ ಬಂದೋರು. ಇದು ಹಡಗಿನ ಚರಿತ್ರೆ."

"ಮತ್ತೆ ರಿಪೇರಿ ಮಾಡಿದ್ದು ಯಾರು? ನಿಮ್ಮ ಸೊಂಟದಲ್ಲಿದ್ದ ಕತ್ತೀನಾ?"

"ಕಿಯೊ, ನಾಲಿಗೆ ಬಿಗಿಹಿಡಿ," ಎಂದ ಮುದುಕ ಯಜಮಾನ ಒಗುರಾ.

"ಹನ್ನೆರಡು ವರ್ಷ ಹಿಡಿದಿದ್ದೀನಿ, ಯಜಮಾನ್ರೆ. ಗಂಡನ ಬೂದಿ ಅಂತ ಡಬ್ಬಿ ಕೊಟ್ರು. ಒಳಗೊಂದು ಬೆಣಚುಕಲ್ಲಿತ್ತು. ಆಗ್ಲೂ ತಲೆಬಾಗಿ ತಗೊಂಡೆ."

ಹತಾನಾಕಾ ಕನ್ನಡಕ ತೆಗೆದು ಒರೆಸಿಕೊಂಡ. "ಅವ್ರ ಪಟ್ಟಿ ನಮ್ಮ ಹತ್ರ ಇಲ್ಲ. ಎಲ್ಲಾ ಸುಟ್ಟೋಯ್ತು."

"ನಮ್ಮ ಹತ್ರ ಇದೆ. ಕೂತಿರಿ."

ಅವನು ಕೊನೆಯ ಪುಟ ತಿದ್ದಿ ಮುಗಿಸುವಷ್ಟರಲ್ಲಿ ಕಿಯೊ ಏಳು ಜನ ಹೆಂಗಸರೊಡನೆ ತಿರುಗಿ ಬಂದಳು. ಎಲ್ಲರೂ ಅವಳ ಕೇರಿಯವರು, ಐಸಾಕುವಿನ ಜೊತೆ ಹೋದ ಕೆಲಸಗಾರರ ವಿಧವೆಯರು. ಕಿಯೊ ಅಚ್ಚುಮೊಳೆಗಳ ಗೂಡಿನ ಮುಂದೆ ನಿಂತು ಮೊದಲು ತನ್ನ ಗಂಡನ ಹೆಸರಿನ ಮೊಳೆಗಳನ್ನು ಆರಿಸಿಕೊಂಡಳು. ಉಳಿದವರು ಒಬ್ಬೊಬ್ಬರಾಗಿ ತಮ್ಮ ಗಂಡಂದಿರ ಹೆಸರು ಹೇಳತೊಡಗಿದರು. ಯಾರೂ ಅಳಲಿಲ್ಲ. ಮೊಳೆಗಳು ಟಕ್ಕೆಂದು ಕೂತವು.

"ಇದನ್ನ ಸೇರಿಸೋ ಹಾಗಿದ್ರೆ ನಾನು ಬೇರೆ ಕಡೆ ಅಚ್ಚು ಹಾಕಿಸ್ತೀನಿ," ಎಂದ ಹತಾನಾಕಾ, ಎದ್ದು ನಿಂತು.

ಕಿಯೊ ತಿರುಗಿ ನೋಡಲಿಲ್ಲ. "ಹಾಕಿಸ್ಕೊಳ್ಳಿ. ಅಲ್ಲಿಗೂ ಬರ್ತೀವಿ."

ಒಗುರಾ ಹಸ್ತಪ್ರತಿಯನ್ನು ಬಟ್ಟೆಯಲ್ಲಿ ಸುತ್ತಿ, ಗಂಟು ಬಿಗಿದು, ಎರಡೂ ಕೈಯಲ್ಲಿ ಹತಾನಾಕಾನಿಗೆ ಒಪ್ಪಿಸಿ ಸೊಂಟ ಬಗ್ಗಿಸಿದ. ಅವನ ಹಿಂದೆ ಬಾಗಿಲು ಸರಿದು ಮುಚ್ಚಿತು.

ಕೊನೆಯವಳು ಮೀನು ಮಾರುವ ತೊಮೆ. ಅವಳ ಗಂಡನ ಹೆಸರಿನ ಒಂದು ಅಪರೂಪದ ಅಕ್ಷರಕ್ಕೆ ಗೂಡಿನಲ್ಲಿ ಮೊಳೆಯೇ ಇರಲಿಲ್ಲ. ಕಿಯೊ ಎರಡು ಸಲ ಹುಡುಕಿದಳು.

"ಬರೆದು ತೋರ್ಸಮ್ಮ," ಎಂದ ಒಗುರಾ, ಮೊಳೆ ಗಾತ್ರದ ಮರದ ತುಂಡೊಂದನ್ನು ಎಳೆದುಕೊಂಡು.

ತೊಮೆ ಒದ್ದೆ ಬೆರಳಿನಿಂದ ಮೇಜಿನ ಮೇಲೆ ಗೆರೆಗೆರೆಯಾಗಿ ಬರೆದಳು. ಅದು ಆರುವ ಮುಂಚೆ ಮುದುಕ ಆ ಅಕ್ಷರ ಕೆತ್ತಲು ಮರದ ತುಂಡಿಗೆ ಉಳಿ ಇಟ್ಟ.