ನಿಧಾನಪ್ಪನ ವ್ಯಾನು

ಬಕೆಟ್ಟಿನ ನೀರಿಗೆ ಸೋಪಿನಪುಡಿ ಕದಡಿ, ತೋಳು ಮೇಲಕ್ಕೆ ಮಡಚಿ, ಅವಳು ಗಂಡನ ವ್ಯಾನಿನ ಮುಂಬಾಗಿಲು ತೆಗೆದಳು. ಸೀಟಿನ ಮೇಲಿನ ರಕ್ತ ಒಣಗಿ ಕಪ್ಪಗಾಗಿತ್ತು. ಒಳಗೆ ನಡುಮನೆಯಲ್ಲಿ ಅವನ ಶವಪೆಟ್ಟಿಗೆಯ ಸುತ್ತ ಜನ ಸೇರುತ್ತಿದ್ದರು. ಇನ್ನು ಸ್ವಲ್ಪ ಹೊತ್ತಿಗೆ ಮಣ್ಣಿಗೆ ಒಯ್ಯಬೇಕು. ವ್ಯಾನು ಕೊಳೆಯಾಗಿರುವಾಗ ಅವನು ಒಂದು ದಿನವೂ ಮನೆಯಿಂದ ಹೊರಟವನಲ್ಲ.

“ಅಕ್ಕಾ, ತೊಳೀಬೇಡಿ.”

ತಿರುಗಿ ನೋಡಿದಳು. ಪತ್ರಿಕೆಯ ವರದಿಗಾರ್ತಿ. ಮೊನ್ನೆ ಅವನ ಪಕ್ಕದ ಸೀಟಿನಲ್ಲಿ ಕೂತಿದ್ದವಳು ಇವಳೇ. ಬಲಗೈಗೆ ಪ್ಲಾಸ್ಟರು, ಎಡ ಹೆಗಲಿಗೆ ಕ್ಯಾಮೆರಾದ ಚೀಲ.

“ನಮ್ಮ ಹತ್ರ ಉಳಿದಿರೋ ಸಾಕ್ಷಿ ಇದೊಂದೇ. ಹಿಂದುಗಡೆ ಬನ್ನಿ.”

ಹಿಂಬಾಗಿಲಿನ ತಗಡಿನ ತುಂಬ ಗುಂಡಿನ ತೂತುಗಳು. ‘ಪತ್ರಿಕೆ’ ಎಂದು ಅವನೇ ಬಿಳಿ ಬಣ್ಣದಲ್ಲಿ ದಪ್ಪಗೆ ಬರೆದಿದ್ದ ಅಕ್ಷರಗಳ ಸುತ್ತಮುತ್ತಲೇ ಎಲ್ಲ. ವ್ಯಾನಿನ ಮುಂಭಾಗದಲ್ಲಿ ಒಂದು ಗೀರೂ ಇರಲಿಲ್ಲ.

“ಚೆಕ್‌ಪೋಸ್ಟಲ್ಲಿ ನಿಲ್ಲಿಸಿದ್ರು, ನಿಂತ್ವಿ. ಪತ್ರಿಕೆಯ ಕಾರ್ಡು ನೋಡಿದ್ರು. ಬಾಂಬು ಬಿದ್ದ ಆಸ್ಪತ್ರೆ ಕಡೆಯಿಂದ ಬರ್ತಿದ್ದೀರಾ ಅಂತ ಕೇಳಿದ್ರು. ಡ್ರೈವರಣ್ಣ ಹೂಂ ಅಂದ್ರು. ಹೋಗಿ ಅಂತ ಕೈ ಬೀಸಿದ್ರು. ಹೊರಟ ಮೇಲೆ ಹಿಂದಿನಿಂದ ಹೊಡೆದ್ರು.”

“ಹೊಡೆದೋರು ಯಾರು?”

“ನಮ್ಮ ಸೈನ್ಯದೋರೇ ಅಕ್ಕ. ಆಸ್ಪತ್ರೆ ಮೇಲೆ ಬಾಂಬು ಹಾಕಿದ್ದೂ ನಮ್ಮ ವಿಮಾನಗಳೇ. ಅದರ ಫೋಟೋ ನನ್ನ ಹತ್ರ ಇತ್ತು, ಗುಂಡು ಬಿದ್ದಾಗ ಹಳೇ ಕ್ಯಾಮೆರಾ ಜೊತೆ ಹೋಯ್ತು.”

ಮನೆಬಾಗಿಲಲ್ಲಿ ನಿಂತಿದ್ದ ಅವಳ ಅಣ್ಣ ದಡಬಡ ಇಳಿದು ಬಂದ. “ನೋಡಮ್ಮ, ಈ ಮಾತು ಇಲ್ಲಿಗೇ ಬಿಡು. ಸತ್ತೋನು ಎದ್ದು ಬರ್ತಾನಾ? ಕಲ್ಲಿಗೆ ಹಣೆ ಚಚ್ಚಿಕೊಂಡ್ರೆ ಒಡೆಯೋದು ಹಣೆನೇ.” ಆಮೇಲೆ ತಂಗಿಯ ಕಡೆ ತಿರುಗಿ ದನಿ ತಗ್ಗಿಸಿದ. “ನೀನು ತೊಳೆದುಬಿಡು.”

“ಅಕ್ಕ ಬೇಡ ಅಂದ್ರೆ ಬರೆಯಲ್ಲ,” ಎಂದಳು ವರದಿಗಾರ್ತಿ.

“ಮೊದಲು ಮಣ್ಣಾಗಲಿ,” ಎಂದು ಅವಳು ಬಕೆಟ್ಟನ್ನು ಗೋಡೆಯ ಪಕ್ಕಕ್ಕಿಟ್ಟು ಒಳಗೆ ಹೋದಳು.

*

ಓಣಿಯವರು ಅವನಿಗಿಟ್ಟ ಹೆಸರು ನಿಧಾನಪ್ಪ. ಆಮೆ ಕೂಡ ಹಿಂದಿನಿಂದ ಹಾರ್ನ್ ಹೊಡೆದು ಮುಂದೆ ಹೋಗುತ್ತದೆಂದು ನಗುತ್ತಿದ್ದರು. ಎದುರುಮನೆ ಅಜ್ಜಿಯನ್ನು ಒಮ್ಮೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ. ತಲುಪುವಷ್ಟರಲ್ಲಿ ಡಾಕ್ಟರು ಊಟಕ್ಕೆ ಹೋಗಿಯಾಗಿತ್ತು. “ಇವನ ಗಾಡಿ ಹತ್ತೋ ಬದಲು ಕುರುಡಿಯಾಗಿರೋದೇ ವಾಸಿ,” ಎಂದು ಅಜ್ಜಿ ಊರೆಲ್ಲ ಹೇಳಿಕೊಂಡು ಬಂದಿದ್ದಳು. ಅವನೂ ನಕ್ಕಿದ್ದ.

ಬೆಳಗಿನ ಜಾವ ಪತ್ರಿಕೆಯ ಕಟ್ಟುಗಳನ್ನು ಅಂಗಡಿಗಳಿಗೆ ಇಳಿಸುವುದು ಅವನ ಕೆಲಸ. ಪತ್ರಿಕೆಯಲ್ಲಿ ಅವನು ಓದುತ್ತಿದ್ದದ್ದು ಹವಾಮಾನ ಮಾತ್ರ. ಯುದ್ಧ ಶುರುವಾಗಿ, ವರದಿಗಾರರನ್ನು ಕೂರಿಸಿಕೊಳ್ಳಲು ಬಾಡಿಗೆ ಕಾರಿನವರೆಲ್ಲ ಒಲ್ಲೆವೆಂದಾಗ, ಇವನು ಒಪ್ಪಿಕೊಂಡು ಬಂದ.

“ನಿಮಗ್ಯಾಕ್ರೀ ಇಲ್ಲದ ಉಸಾಬರಿ?” ಎಂದು ಅವಳು ಪಾತ್ರೆ ಕುಕ್ಕಿದ್ದಳು. “ಬರೆಯೋರು ಅವರು, ಹೆಸರು ಬರೋದು ಅವರದ್ದು.”

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. “ಆ ಹುಡುಗಿ ಹೇಗೂ ಹೋಗ್ತಾಳೆ. ನಡೆದುಕೊಂಡಾದ್ರೂ ಹೋಗ್ತಾಳೆ. ವಾಪಸ್ ಕರಕೊಂಡು ಬರೋಕೆ ಒಬ್ರು ಬೇಕಲ್ಲ?”

ಅದಾದ ಮೇಲೆ ಎಷ್ಟೋ ಸಲ ಹೋದ, ವರದಿಗಾರ್ತಿಯನ್ನು ಕರೆದುಕೊಂಡು ಬಂದ. ಮೊನ್ನೆಯೂ ಅಷ್ಟೆ. ಬೆನ್ನಿಗೆ ಗುಂಡು ಹೊಕ್ಕ ಮೇಲೂ, ತಿರುವು ದಾಟುವವರೆಗೆ ಸ್ಟೀರಿಂಗ್ ಬಿಟ್ಟಿರಲಿಲ್ಲವಂತೆ.

*

ಮಣ್ಣು ಮಾಡಿ ಬಂದವರು ಓಣಿಯಲ್ಲಿ ಹಾಕಿದ್ದ ಬಾಡಿಗೆ ಕುರ್ಚಿಗಳ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಯಾರೂ ಸಾವಿನ ಕಾರಣ ಎತ್ತುತ್ತಿರಲಿಲ್ಲ. ಎಲ್ಲರ ಕಣ್ಣೂ ವ್ಯಾನಿನ ಹಿಂಬಾಗಿಲಿಗೆ ಹೋಗಿ, ಸುಟ್ಟುಕೊಂಡಂತೆ ಹಿಂದಕ್ಕೆ ಬರುತ್ತಿತ್ತು.

ಆಗ ಓಣಿಯ ಬಾಯಿಗೆ ಸೈನ್ಯದ ಜೀಪು ಬಂತು. ಅದರ ಹಿಂದೆ ಗಾಡಿ ಎಳೆಯುವ ಲಾರಿ. ಇಳಿದ ಅಧಿಕಾರಿ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.

“ನಿಮ್ಮ ದುಃಖದಲ್ಲಿ ನಾವೂ ಇದ್ದೀವಿ ತಾಯಿ. ತನಿಖೆಗೆ ಗಾಡಿ ಬೇಕು, ತಗೊಂಡು ಹೋಗ್ತೀವಿ.”

“ಏನು ತನಿಖೆ?”

“ಎಲ್ಲಾ ಗೊತ್ತಿರೋದೇ. ನಿಲ್ಲಿಸು ಅಂದ್ರೂ ನಿಮ್ಮ ಯಜಮಾನ್ರು ನಿಲ್ಲಿಸಲಿಲ್ಲ. ಚೆಕ್‌ಪೋಸ್ಟಿಗೇ ಗುದ್ದೋ ಹಾಗೆ ಜೋರಾಗಿ ಓಡಿಸಿಕೊಂಡು ಬಂದ್ರು. ನಮ್ಮ ಹುಡುಗರು ಇನ್ನೇನು ಮಾಡ್ತಾರೆ?”

ಎದುರುಮನೆ ಅಜ್ಜಿ ಚಹಾದ ಲೋಟ ಕೆಳಗಿಟ್ಟಳು.

“ಯಾರು ಜೋರಾಗಿ ಓಡಿಸಿದ್ದು?”

“ತೀರಿಹೋದೋರು, ಅಜ್ಜಿ.”

“ನಮ್ಮ ನಿಧಾನಪ್ಪನಾ?”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು, ಸಾವಿನ ಮನೆಯೆಂದು ನೆನಪಾಗಿ ಬಾಯಿ ಮುಚ್ಚಿಕೊಂಡರು. ಅಧಿಕಾರಿಗೆ ಏನೂ ಅರ್ಥವಾಗಲಿಲ್ಲ. ಲಾರಿಯವನಿಗೆ ಸನ್ನೆ ಮಾಡಿದ. ಲಾರಿ ವ್ಯಾನಿನತ್ತ ಹಿಂದಕ್ಕೆ ಸರಿಯತೊಡಗಿತು.

ನಿಧಾನಪ್ಪನ ಹೆಂಡತಿಗೆ ಭಯ ಹೋಗಿರಲಿಲ್ಲ. ಆದರೆ ಕೊಂದದ್ದು ಸಾಲದೆ, ಬದುಕಿಡೀ ಯಾವ ಹೆಸರಿಗೆ ನಗೆಗೀಡಾದನೋ ಅದನ್ನೂ ಕಿತ್ತುಕೊಳ್ಳುತ್ತಿದ್ದಾರಲ್ಲ ಎನ್ನಿಸಿತು. ತನ್ನ ಕುರ್ಚಿ ಎತ್ತಿ, ಲಾರಿಗೂ ವ್ಯಾನಿಗೂ ನಡುವೆ ಇಟ್ಟು, ಕೂತಳು. ಲಾರಿ ನಿಂತಿತು.

“ಏಳಿ ತಾಯಿ.”

“ಇವತ್ತು ಸಾವಿನ ಮನೆ. ಬಂದೋರು ಕೂತ್ಕೋತಾರೆ.”

ಅಜ್ಜಿ ಕುರ್ಚಿ ಎಳೆದುಕೊಂಡು ಬಂದಳು. ಪಕ್ಕದ ಮನೆಯ ದರ್ಜಿ ಬಂದ. ಪತ್ರಿಕೆ ಮಾರುವ ಅಂಗಡಿಯವರು, ಅವರ ಹೆಂಡಿರು, ಒಬ್ಬರ ಹಿಂದೊಬ್ಬರು ಕುರ್ಚಿ ಎತ್ತಿದರು. ಯಾರೂ ಕೂಗಲಿಲ್ಲ. ಕುರ್ಚಿಯ ಕಾಲುಗಳು ನೆಲಕ್ಕೆ ತೀಡುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಧಿಕಾರಿ ಟೋಪಿ ಹಾಕಿಕೊಂಡು, “ಜನ ಕರಕೊಂಡು ಬರ್ತೀನಿ, ಆಗ ನೋಡೋಣ,” ಎಂದು ಜೀಪು ಹತ್ತಿದ.

“ಬೇಗ ಫೋಟೋ ತೆಗೀಬೇಕು, ಅಕ್ಕ,” ಎಂದಳು ವರದಿಗಾರ್ತಿ. ಎಡಗೈಯಲ್ಲಿ ಕ್ಯಾಮೆರಾ ನಿಲ್ಲುತ್ತಿರಲಿಲ್ಲ.

“ತೆಗಿ. ಬರಿ. ನಾನು ಹೇಳಿದೆ ಅಂತಾನೂ ಬರಿ.”

ಅಷ್ಟು ಹೊತ್ತೂ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಅಣ್ಣ ಮೆಟ್ಟಿಲಿಳಿದು ಬಂದು, ಕ್ಯಾಮೆರಾಕ್ಕೆ ಕೈ ಚಾಚಿದ. ವರದಿಗಾರ್ತಿ ಕ್ಯಾಮೆರಾ ಕೊಟ್ಟಳು.

“ಯಾವುದು ಒತ್ತಬೇಕು?”

“ಮೇಲಿನದು. ಹೊರಗಿಂದು ಆದ್ಮೇಲೆ ಒಳಗೂ ಒಂದು.”

ಹೊರಗಿನದು ಮುಗಿಸಿ, ಅವನು ಮುಂದಿನ ಬಾಗಿಲಿನಿಂದ ಬಗ್ಗಿ ನೋಡಿದ. ತಂಗಿಯೂ ಎದ್ದು ಬಂದು ಅವನ ಭುಜದ ಮೇಲಿಂದ ನೋಡಿದಳು. ಕಿಟಕಿಯಿಲ್ಲದ ವ್ಯಾನಿನ ಹಿಂಭಾಗ ಕತ್ತಲಾಗಿತ್ತು. ಸಂಜೆಯ ಬಿಸಿಲು ಹಿಂಬಾಗಿಲಿನ ತೂತುಗಳಿಂದ ಸಣ್ಣ ಸಣ್ಣ ಕೋಲುಗಳಾಗಿ ಒಳಗೆ ಬಂದು, ಉದ್ದಕ್ಕೂ ಹಾದು, ಡ್ರೈವರ್ ಸೀಟಿನ ಬೆನ್ನಿಗೆ ನೆಟ್ಟುಕೊಂಡಿತ್ತು.